ತೃಶ್ಶಿಲೇರಿಯ ಗದ್ದೆಯಲ್ಲಿ ವಿಮಾನ ಹಿಡಿದು ಕೂತದ್ದು

ವಯನಾಡು ಹೊಸದಾಗಿ ಜಿಲ್ಲೆಯಾದ ಮರುವರ್ಷದ ಮಾತು. ಕೊಯ್ಲು ಮುಗಿದು ಗದ್ದೆಗಳೆಲ್ಲ ಒಣಗಿ ಬರೀ ಕೂಳೆ ಉಳಿದಿದ್ದ ಕಾಲ. ಹೆಗ್ಗಡದೇವನಕೋಟೆ ಕಡೆಯ ಹಳ್ಳಿಯವಳಾದ ನಾನು ಮದುವೆಯಾಗಿ ತೃಶ್ಶಿಲೇರಿಗೆ ಬಂದು ಮೂರನೆಯ ವರ್ಷ ನಡೆಯುತ್ತಿತ್ತು. ನಮ್ಮವರು ಜೈನರು. ಗಂಡನ ಮನೆಯವರು ಎಷ್ಟೋ ತಲೆಮಾರಿನ ಹಿಂದೆ ಕರ್ನಾಟಕದಿಂದ ಬಂದು ನೆಲೆಸಿದ್ದರಿಂದ ಅವರ ಕನ್ನಡದಲ್ಲಿ ಅರ್ಧ ಮಲಯಾಳವೇ ಇತ್ತು. ಹೊರಗಿನವರು ಒಬ್ಬರು ಅಂಗಳಕ್ಕೆ ಬಂದರೆ ಉಳಿದರ್ಧವೂ ಮಲಯಾಳವಾಗುತ್ತಿತ್ತು. ನನಗೆ ಆ ಭಾಷೆ ಕೇಳಿದರೆ ತಿಳಿಯುತ್ತಿತ್ತು, ಆಡಲು ಬಾಯಿ ಬರುತ್ತಿರಲಿಲ್ಲ.

ಗಂಡನಿಗೆ ಮಾನಂದವಾಡಿಯಲ್ಲಿ ಮೆಣಸು, ಕಾಫಿ ಕೊಳ್ಳುವ ಅಂಗಡಿ. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಉಳಿದ ದಿನ ಅತ್ತೆ ಮತ್ತು ನಾನು.

ಹಿಂದಿನ ಮಳೆಗಾಲದಲ್ಲಿ ನನಗೊಂದು ಮಗು ಹುಟ್ಟಿತ್ತು. ದಿನ ತುಂಬುವ ಮೊದಲೇ ಬಂದ ಮಗು, ಉಳಿಯಲಿಲ್ಲ. ಆಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ನನ್ನ ಮನಸ್ಸು ನೋಯಬಾರದೆಂದೇ ಎತ್ತಲಿಲ್ಲ, ಅದು ನನಗೂ ಗೊತ್ತಿತ್ತು. ಬಿಂದಿಗೆ ಎತ್ತಲು ಹೋದರೆ ಅತ್ತೆ "ಬೇಡ ಮೋಳೇ, ನೀ ಕೂತ್ಕೋ" ಎನ್ನುತ್ತಿದ್ದರು. ಹಾಲು ಕರೆಯಲು ಹೋದರೂ ಅದೇ ಮಾತು. ಮೋಳೇ ಅಂದರೆ ಮಗಳೇ ಎಂದು. ಅಷ್ಟು ಪ್ರೀತಿಯಿಂದಲೇ ನನ್ನ ಕೈಯಿಂದ ಒಂದೊಂದೇ ಕೆಲಸ ತೆಗೆದುಕೊಂಡರು. ಇಡೀ ದಿನ ಜಗಲಿಯಲ್ಲಿ ಕೂತು ಎದುರಿನ ಬ್ರಹ್ಮಗಿರಿ ಬೆಟ್ಟ ನೋಡುವುದಷ್ಟೇ ನನಗೆ ಉಳಿಯಿತು.

ಅವತ್ತೂ ಹಾಗೆ ಕೂತಿದ್ದೆ. ಬೆಟ್ಟದ ತಲೆಯ ಮೇಲೆ ದಟ್ಟ ಮೋಡವಿತ್ತು. ಅದರ ಕೆಳಗಿನಿಂದ ಒಂದು ಸದ್ದು ಬಂತು. ಮೋಟಾರಿನ ಸದ್ದು, ಆದರೆ ನಡುನಡುವೆ ಕೆಮ್ಮಿ ನಿಲ್ಲುವಂತಾಗುತ್ತಿತ್ತು. ನೋಡುತ್ತಿದ್ದಂತೆ ಹಳದಿ ಬಣ್ಣದ ಪುಟ್ಟ ವಿಮಾನವೊಂದು ಕಾಡಿನ ಮರಗಳ ನೆತ್ತಿ ಸವರುವಂತೆ ನಮ್ಮ ಕಡೆಗೇ ಬಂತು.

"ಮೋಳೇ, ಅದು ನಮ್ಮ ವಯಲಿಗೇ ಬೀಳ್ತದೆ!" ಎಂದು ಅತ್ತೆ ಕೂಗಿದರು. ಇಲ್ಲಿ ಗದ್ದೆಗೆ ವಯಲು ಎನ್ನುತ್ತಾರೆ.

ಬೀಳಲಿಲ್ಲ. ಒಂದು ಸುತ್ತು ಹೊಡೆದು, ಸದ್ದು ಪೂರ್ತಿ ನಿಂತು, ಗಾಳಿಯ ಸುಯ್ಯೆನ್ನುವ ಶಬ್ದ ಮಾತ್ರ ಉಳಿಸಿಕೊಂಡು ಕೂಳೆಯ ಮೇಲೆ ಇಳಿಯಿತು. ಎಗರಿತು, ಮತ್ತೆ ಎಗರಿತು, ಒಂದು ಬದುವಿನ ಹತ್ತಿರ ನಿಂತಿತು. ಊರೇ ಓಡಿತು. ನಾನೂ ಓಡಿದೆ. ಓಡಿ ಎಷ್ಟು ಕಾಲವಾಗಿತ್ತೋ!

ಬಾಗಿಲು ತೆರೆದು ಇಳಿದವಳು ಹೆಂಗಸು. ಪ್ಯಾಂಟು, ಶರಟು, ಒಂದೇ ಜಡೆ. ನನಗಿಂತ ಒಂದೆರಡು ವರ್ಷ ಚಿಕ್ಕವಳಿರಬಹುದು. ಸುತ್ತ ಜನ ಮಲಯಾಳದಲ್ಲಿ ನೂರು ಪ್ರಶ್ನೆ ಕೇಳುತ್ತಿದ್ದರು. ಅವಳು ರೆಕ್ಕೆಯ ಕೆಳಗಿನ ಕಂಬಿ ಹಿಡಿದುಕೊಂಡು ಎಲ್ಲರ ಮುಖ ನೋಡಿ, "ಕನ್ನಡ ಬರೋರು ಯಾರಾದ್ರೂ ಇದ್ದೀರಾ?" ಎಂದಳು.

"ನಾನಿದ್ದೀನಿ" ಎಂದೆ. ನನ್ನ ದನಿ ನನಗೇ ಬೇರೆಯವರದ್ದು ಅನಿಸಿತು.

ಅವಳ ಹೆಸರು ಸರಳಾ. ವಿಮಾನ ಹಾರಿಸುವ ಲೈಸೆನ್ಸ್ ಇತ್ತು, ರಿಪೇರಿಯನ್ನೂ ಕಲಿತಿದ್ದಳು. ಮಂಗಳೂರಿನಿಂದ ಮೈಸೂರಿಗೆ ಆ ವಿಮಾನವನ್ನು ಒಬ್ಬಳೇ ಒಯ್ಯುತ್ತಿದ್ದಳು. ಕೊಡಗಿನ ಮೇಲೆ ಮೋಡ ಕವಿದಿದ್ದರಿಂದ ದಕ್ಷಿಣಕ್ಕೆ ತಿರುಗಿ ಬೆಟ್ಟ ದಾಟುವಾಗ ಇಂಜಿನ್ ಶಕ್ತಿ ಕಳೆದುಕೊಂಡಿತಂತೆ. ಪೊಲೀಸರು ಬಂದರು, ಕೇಳಿದರು, ಬರೆದುಕೊಂಡರು. ನಾನು ಅವಳ ಕನ್ನಡ ಅತ್ತೆಗೆ ಹೇಳುವುದು, ಅತ್ತೆ ಅದನ್ನು ಮಲಯಾಳ ಮಾಡುವುದು, ಹೀಗೆ ನಡೆಯಿತು. ಹತ್ತಿರದ ಎಸ್ಟೇಟಿನ ಫೋನಿನಲ್ಲಿ ಅವಳು ಮೈಸೂರಿಗೆ ಮಾತಾಡಿ ಬಂದಳು. ಇಂಜಿನ್ ಸರಿ ಇದೆ, ನೆಲ ಗಟ್ಟಿ ಇದೆ ಅಂತ ಅವಳಿಗೆ ನಂಬಿಕೆಯಾದರೆ ಬೆಳಿಗ್ಗೆ ತಾನೇ ಹಾರಿಸಿಕೊಂಡು ಬರಬಹುದು ಎಂದಿದ್ದರಂತೆ.

ಮಧ್ಯಾಹ್ನವೆಲ್ಲ ಅವಳು ವಿಮಾನದ ಮೂಗಿನ ಮುಚ್ಚಳ ತೆಗೆದು ಕೆಲಸ ಮಾಡಿದಳು. ನಾನು ಪಕ್ಕದಲ್ಲಿ ನಿಂತಿದ್ದೆ. ಆ ವಿಮಾನದ ರೆಕ್ಕೆ ತಗಡಲ್ಲ, ಬಟ್ಟೆ! ಬಿಗಿದು ಬಣ್ಣ ಬಳಿದ ಬಟ್ಟೆ. ನಮ್ಮ ಹಸುವೊಂದು ಬಂದು ಅದನ್ನು ನೆಕ್ಕತೊಡಗಿದಾಗ ಸರಳಾ ಹೌಹಾರಿ ಓಡಿಸಿದಳು. "ಈ ಬಣ್ಣ ಅಂದ್ರೆ ದನಗಳಿಗೆ ಪ್ರಾಣ ಅಕ್ಕಾ, ಬಿಟ್ರೆ ರೆಕ್ಕೆನೇ ತಿಂದ್ಬಿಡ್ತವೆ" ಎಂದಳು. ಜನ ನಕ್ಕು, ಸುತ್ತ ಮುಳ್ಳಿನ ಬೇಲಿ ಹಾಕಿದರು. ಆನೆ ಬಂದರೆ ಬೇಲಿ ಏನು ಮಾಡೀತು ಎಂದು ಪೊಲೀಸಿನವನೊಬ್ಬ ಬೆಂಕಿ ಹಾಕಿಕೊಂಡು ಕಾವಲು ಕೂರುವುದೆಂದಾಯಿತು.

ಒಂದು ಗಾಜಿನ ಲೋಟ ಕೇಳಿದಳು. ತಂದುಕೊಟ್ಟೆ. ಟ್ಯಾಂಕಿನ ಅಡಿಯಿಂದ ಸ್ವಲ್ಪ ಪೆಟ್ರೋಲ್ ಬಿಟ್ಟುಕೊಂಡು ಬೆಳಕಿಗೆ ಹಿಡಿದು, ತಳದಲ್ಲಿ ನೀರಿನ ಹನಿ ಇದೆಯೇ ಎಂದು ನೋಡಿದಳು. ಇರಲಿಲ್ಲ. ಜಾಲರಿ ಬಿಚ್ಚಿದಳು, ಕಸವಿರಲಿಲ್ಲ. ತಂತಿಗಳನ್ನು ಒಂದೊಂದಾಗಿ ಎಳೆದು ನೋಡಿದಳು.

"ಹಾಗಾದ್ರೆ ಕೆಟ್ಟದ್ದೇನು?" ಎಂದೆ.

"ಏನೂ ಕೆಟ್ಟಿಲ್ಲ ಅಕ್ಕಾ. ಪೆಟ್ರೋಲು ಗಾಳಿ ಸೇರೋ ಜಾಗದಲ್ಲಿ ಮಂಜುಗಡ್ಡೆ ಕಟ್ತು. ಗಾಳೀಲಿ ತೇವ ಇದ್ರೆ, ಹೊರಗೆ ಸೆಕೆ ಇದ್ರೂ ಕಟ್ಟುತ್ತೆ. ಬಿಸಿಗಾಳಿ ಬಿಡೋ ಗುಂಡಿ ಎಳೆದೆ. ಗಡ್ಡೆ ಕರಗೋವಾಗ ಇಂಜಿನ್ನು ಮೊದಲಿಗಿಂತ ಜೋರಾಗಿ ಕೆಮ್ಮುತ್ತೆ. ಪುಸ್ತಕದಲ್ಲಿ ಓದಿದ್ದೆ, ಆದ್ರೂ ಕೆಳಗಡೆ ಬರೀ ಕಾಡು ನೋಡಿ ಎದೆ ಹಾರಿಹೋಯ್ತು. ಈಗ ಎಲ್ಲಾ ಕರಗಿ ಹೋಗಿದೆ. ಯಾರು ಬಂದು ನೋಡಿದ್ರೂ ಏನೂ ಕಾಣಲ್ಲ."

ಯಾರು ನೋಡಿದರೂ ಕಾಣುವುದಿಲ್ಲ ಎಂಬ ಮಾತು ನನಗೆಲ್ಲೋ ತಾಗಿತು.

"ಮೇಲೆ ಒಬ್ಬಳೇ ಇದ್ದೆಯಲ್ಲ, ಭಯ ಆಗಲ್ವಾ?" ಎಂದು ಕೇಳಿದೆ.

"ಭಯಕ್ಕಿಂತ, ಪಕ್ಕದ ಸೀಟು ಖಾಲಿ ಇರುತ್ತಲ್ಲ, ಅದೇ ಕಷ್ಟ. ಇಂಜಿನ್ ಕೆಮ್ಮಿದಾಗ 'ಕೇಳಿಸ್ತಾ?' ಅಂತ ಪಕ್ಕಕ್ಕೆ ತಿರುಗಿ ಕೇಳ್ದೆ ಅಕ್ಕಾ. ಯಾರೂ ಇರ್ಲಿಲ್ಲ." ಅವಳು ನಗಲು ನೋಡಿದಳು. ಆಮೇಲೆ ಸಹಜವಾಗಿ, "ಮಕ್ಕಳೆಷ್ಟು ನಿಮಗೆ?" ಎಂದಳು.

"ಒಂದು ಹುಟ್ಟಿತ್ತು. ಉಳೀಲಿಲ್ಲ."

ಅವಳು ಅಯ್ಯೋ ಎನ್ನಲಿಲ್ಲ. ಕೆಲಸ ನಿಲ್ಲಿಸಿ ನನ್ನನ್ನೇ ನೋಡಿ, "ಗಂಡಾ, ಹೆಣ್ಣಾ?" ಎಂದಳು.

ಅಲ್ಲಿಯವರೆಗೆ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. "ಹೆಣ್ಣು" ಎಂದೆ. ಅವಳು ತಲೆದೂಗಿ, ಎಣ್ಣೆ ಮೆತ್ತಿದ ಸ್ಪ್ಯಾನರೊಂದನ್ನು ನನ್ನ ಕೈಗಿತ್ತಳು. "ಈ ಬೋಲ್ಟ್ ತಿರುಗದ ಹಾಗೆ ಗಟ್ಟಿಯಾಗಿ ಹಿಡ್ಕೊಳ್ಳಿ ಅಕ್ಕಾ, ನಾನು ಆ ಕಡೆಯಿಂದ ಬಿಗೀತೀನಿ." ಹಿಡಿದುಕೊಂಡೆ. ದೂರದಲ್ಲಿದ್ದ ಅತ್ತೆ ಏನೋ ಹೇಳಲು ಬಾಯಿ ತೆರೆದವರು ಹಾಗೇ ನಿಂತರು.

ನಮ್ಮದು ಬೆಳಕಿರುವಾಗಲೇ ಉಂಡು ಮುಗಿಸುವ ಮನೆ. ಸೂರ್ಯ ಮುಳುಗುವ ಮೊದಲು ಸರಳಾ ನಮ್ಮೊಡನೆ ಕೂತು ಅನ್ನ, ಬಾಳೆಕಾಯಿ ಪಲ್ಯ ಉಂಡಳು. ಆಯಾಸದಿಂದ ಕೂತಲ್ಲೇ ತೂಕಡಿಸಿದಳು.

ಬೆಳಿಗ್ಗೆ ಮಂಜು ಕರಗುವವರೆಗೂ ಕಾದೆವು. ಓಡಲು ಇನ್ನಷ್ಟು ಜಾಗ ಬೇಕಿತ್ತು, ಅತ್ತೆಯ ಒಪ್ಪಿಗೆಯ ಮೇಲೆ ಜನ ಎರಡು ಬದು ಕಡಿದು ಸಮ ಮಾಡಿದರು. ರೆಕ್ಕೆಯ ಮೇಲಿನ ಇಬ್ಬನಿಯನ್ನು ನನ್ನ ಹಳೆಯ ಸೀರೆಯಿಂದ ನಾವಿಬ್ಬರೂ ಒರೆಸಿದೆವು. ಆಗ ಸರಳಾ ನಿಜವಾದ ತೊಂದರೆ ಹೇಳಿದಳು. ಆ ವಿಮಾನಕ್ಕೆ ಗುಂಡಿ ಒತ್ತಿ ಚಾಲೂ ಮಾಡುವ ಏರ್ಪಾಡಿಲ್ಲ. ಒಬ್ಬರು ಮುಂದೆ ನಿಂತು ಪ್ರೊಪೆಲ್ಲರನ್ನು ಕೈಯಿಂದಲೇ ಎಳೆದು ತಿರುಗಿಸಬೇಕು, ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಿ ಹಿಡಿಯಬೇಕು. ತಿರುಗಿಸುವ ಕೆಲಸ ತಿಳಿಯದವರು ಮಾಡಿದರೆ ಕೈಯೇ ಹೋದೀತು, ಅದನ್ನು ಅವಳೇ ಮಾಡಬೇಕು.

"ಒಳಗೆ ನೀವು ಕೂತ್ಕೋತೀರಾ ಅಕ್ಕಾ? ನಾನು ಹೇಳಿದ್ದು ತಕ್ಷಣ ಅರ್ಥ ಆಗೋರೇ ಬೇಕು."

ಒಬ್ಬ ಗಂಡಸು "ಹೆಂಗಸರಿಂದ ಆಗುವ ಕೆಲಸವಲ್ಲ" ಎಂದು ಮಲಯಾಳದಲ್ಲಿ ಹೇಳಿದ. ನಾನು ಅತ್ತೆಯ ಕಡೆ ನೋಡಿದೆ. "ಬೇಡ ಮೋಳೇ" ಎನ್ನುತ್ತಾರೆಂದೇ ಕಾದೆ. ಅತ್ತೆ ನನ್ನ ಮುಖ ನೋಡಿದರು. "ಸೆರಗು ಸೊಂಟಕ್ಕೆ ಸಿಕ್ಕಿಸ್ಕೋ. ಪೇಡಿ ಬೇಡ" ಎಂದರು. ಹೆದರಬೇಡ ಎಂದರ್ಥ.

ಹತ್ತಿ ಕೂತೆ. ಹಿಮ್ಮಡಿಯಿಂದ ಒತ್ತುವ ಎರಡು ಬ್ರೇಕು. ತೊಡೆಗಳ ನಡುವಿನ ಕೋಲನ್ನು ಎಡಗೈಯಿಂದ ಹೊಟ್ಟೆಗೆ ಒತ್ತಿ ಹಿಡಿಯಬೇಕು. ಬಲಗೈ ಒಂದು ಉದ್ದನೆಯ ಗುಂಡಿಯ ಮೇಲೆ: ಒಳಕ್ಕೆ ನೂಕಿದರೆ ಇಂಜಿನ್ ಜೋರು, ಹೊರಗೆ ಎಳೆದರೆ ಮೆಲ್ಲಗೆ. ಅದರ ಪಕ್ಕದಲ್ಲೇ ಇಂಜಿನ್ನಿನ ಸ್ವಿಚ್ಚು. ಚಕ್ರಕ್ಕೆ ಕಲ್ಲು ಕೊಟ್ಟು, ಬಾಲವನ್ನು ಬಾವಿಯ ತೆಂಗಿನ ನಾರಿನ ಹಗ್ಗದಿಂದ ಒಂದು ಮರದ ಬುಡಕ್ಕೆ ಕಟ್ಟಿದ್ದರು. "ನಾನು ಏನು ಹೇಳ್ತೀನೋ ಅದನ್ನೇ ನೀವು ತಿರುಗಿ ಕೂಗಿ ಹೇಳಿ, ಆಮೇಲೆ ಮಾಡಿ" ಎಂದಳು ಸರಳಾ.

"ಸ್ವಿಚ್ ಆಫ್!"

"ಸ್ವಿಚ್ ಆಫ್!" ಎಂದು ಕೂಗಿದೆ.

"ಬ್ರೇಕ್ ಹಿಡೀರಿ!"

"ಬ್ರೇಕ್ ಹಿಡಿದೆ!"

"ಸ್ವಿಚ್ ಆನ್!"

ನಾನೂ ಕೂಗಿ ಸ್ವಿಚ್ ಹಾಕಿದೆ. ಅವಳು ಎಷ್ಟು ಸಲ ತಿರುಗಿಸಿದರೂ ಇಂಜಿನ್ ಹಿಡಿಯಲಿಲ್ಲ. ಪೆಟ್ರೋಲ್ ಹೆಚ್ಚು ಕುಡಿದುಬಿಟ್ಟಿದೆ ಎಂದು ಬಂದು, ಆ ಉದ್ದನೆಯ ಗುಂಡಿಯನ್ನು ಪೂರ್ತಿ ನೂಕಿದಳು. "ಈಗ ಹಿಡಿದ್ರೆ ಒಂದೇ ಸಲ ಗರ್ಜಿಸುತ್ತೆ. ತಕ್ಷಣ ಎಳೆದುಬಿಡಿ ಅಕ್ಕಾ. ತಕ್ಷಣ" ಎಂದು ಹೇಳಿ ಮತ್ತೆ ಮುಂದೆ ಹೋದಳು.

ಮುಂದಿನ ಸಲಕ್ಕೆ ಹಿಡಿಯಿತು. ಗರ್ಜನೆ ಅಂದರೆ ಅದು! ಇಡೀ ವಿಮಾನ ನಡುಗಿತು. ಹಿಂದೆ ಪಟ್ಟೆಂದು ಹಗ್ಗ ತುಂಡಾದದ್ದು ಬೆನ್ನಿಗೆ ತಾಗಿದಂತಾಯಿತು. ಚಕ್ರ ಕಲ್ಲಿನ ಮೇಲೆ ಹತ್ತತೊಡಗಿತು. ಹಿಂದಕ್ಕೆ ಸರಿಯುತ್ತಿದ್ದ ಸರಳಾ ಇಬ್ಬನಿ ನೆನೆದ ಕೂಳೆಯಲ್ಲಿ ಜಾರಿ ಬಿದ್ದಳು. ಮೂಗಿನಾಚೆ ಅವಳು ನನಗೆ ಕಾಣದಾದಳು. ತಿರುಗುವ ಪ್ರೊಪೆಲ್ಲರು ಕಾಣುತ್ತಿತ್ತು, ಅದರಾಚೆ ಜನರ ತೆರೆದ ಬಾಯಿಗಳು.

ಗುಂಡಿ ಎಳೆದೆ. ಎರಡೂ ಹಿಮ್ಮಡಿಗಳ ಮೇಲೆ ನನ್ನ ಮೈಯೆಲ್ಲ ಹಾಕಿದೆ. ಕೋಲು ಹೊಟ್ಟೆಗೆ ಒತ್ತಿ ನೋಯುತ್ತಿತ್ತು, ಬಿಡಲಿಲ್ಲ. "ಹಿಡಿದೆ! ಹಿಡಿದೆ!" ಎಂದು ಕೂಗುತ್ತಲೇ ಇದ್ದೆ, ಯಾರೂ ಹೇಳದಿದ್ದರೂ. ಚಕ್ರ ಕಲ್ಲಿನಿಂದ ಹಿಂದಕ್ಕೆ ಉರುಳಿ ಕೂತಿತು. ಗರ್ಜನೆ ಇಳಿದು ಹೊಲಿಗೆ ಯಂತ್ರದಂತೆ ಟಕಟಕ ಆಯಿತು.

ಸರಳಾ ರೆಕ್ಕೆಯ ಹೊರಗಿನಿಂದ ಸುತ್ತಿಕೊಂಡು ಬಂದಳು. ಮೊಣಕೈ ತರಚಿತ್ತು, ಜಡೆಯಲ್ಲಿ ಹುಲ್ಲು. ಬಾಗಿಲಿನಿಂದ ಬಗ್ಗಿ ಗುಂಡಿಯ ಮೇಲಿದ್ದ ನನ್ನ ಕೈ ಮೇಲೆ ತನ್ನ ಕೈಯಿಟ್ಟಳು. "ಬಿಡಿ ಅಕ್ಕಾ, ಇನ್ನು ನಾನು ಹಿಡ್ಕೋತೀನಿ" ಎಂದಳು. ನನ್ನ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ಅವಳೇ ಒಂದೊಂದಾಗಿ ಬಿಡಿಸಿದಳು. ಆಗ ಅಳು ಬಂತು ನನಗೆ. ಮಳೆಗಾಲದಿಂದ ಬಾರದಿದ್ದ ಅಳು. ಇಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಅವಳಿಗೆ ಮಾತ್ರ ಕಂಡಿತು. ಅವಳು ಅವಸರಪಡಿಸಲಿಲ್ಲ. ಇಂಜಿನ್ ಬಿಸಿಯಾಗಬೇಕು, ಕೂತಿರಿ ಎಂದಳು. ನಾನು ಅತ್ತು ಮುಗಿಸುವವರೆಗೂ ಅದು ಬಿಸಿಯಾಗುತ್ತಲೇ ಇತ್ತು.

ಆಮೇಲೆ ನಾನು ಇಳಿದೆ. ಅವಳು ಕೂತಳು. ವಿಮಾನ ಕುಣಿಯುತ್ತ ಓಡಿ, ಕಡಿದ ಬದುಗಳನ್ನು ದಾಟಿ, ಇನ್ನೇನು ಗದ್ದೆ ಮುಗಿಯಿತು ಅನ್ನುವಾಗ ನೆಲ ಬಿಟ್ಟಿತು. ಒಂದು ಸುತ್ತು ಬಂದು ರೆಕ್ಕೆ ಅತ್ತಿತ್ತ ಆಡಿಸಿದಳು. ಮೈಸೂರಿನ ಕಡೆಗೆ ಚಿಕ್ಕದಾಗುತ್ತ ಹೋಯಿತು. ಜನ ಚದುರಿದರು. ಸದ್ದು ಹೋದ ಮೇಲೆ ಗದ್ದೆಯಲ್ಲಿ ಉಳಿದ ಆ ಮೌನದಷ್ಟು ಖಾಲಿಯಾದದ್ದನ್ನು ನಾನು ಮತ್ತೆಂದೂ ಕೇಳಿಲ್ಲ.

ಆ ವಾರ ಗಂಡ ಮನೆಗೆ ಬಂದಾಗ ಬಸ್ಸಿನಲ್ಲೇ ಸುದ್ದಿ ಕೇಳಿದ್ದರು. ಉಣ್ಣುತ್ತ "ಭಯ ಆಗಲಿಲ್ಲವಾ?" ಎಂದರು. ಎಲ್ಲ ಹೇಳಿದೆ. ಹೇಳಿ ಮುಗಿದ ಮೇಲೂ ಮಾತು ನಿಲ್ಲಲಿಲ್ಲ. "ಮಗುವಿನ ಹಣೆ ನಿಮ್ಮ ಥರಾನೇ ಇತ್ತು" ಎಂದೆ. ಮಗು ಹುಟ್ಟಿದ ದಿನ ಮಳೆಯಲ್ಲಿ ಬಸ್ಸು ಸಿಗದೆ ಅವರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು, ಅವರು ಮಗುವನ್ನು ನೋಡಿರಲಿಲ್ಲ. ಅವರ ಕೈ ತಟ್ಟೆಯಲ್ಲೇ ನಿಂತಿತು.

"ಕೇಳಬೇಕು ಅಂತ ಇತ್ತು. ನಿನಗೆ ನೋವಾಗ್ತದೆ ಅಂತ ಸುಮ್ಮನಿದ್ದೆ" ಎಂದರು. ಮತ್ತೆ, "ಕೂದಲು ಇತ್ತಾ?" ಎಂದರು.

"ಇತ್ತು. ತುಂಬಾ ಇತ್ತು" ಎಂದೆ.

ಸರಳಾ ಮತ್ತೆ ಸಿಗಲಿಲ್ಲ. ಅವಳ ಊರು, ಮನೆತನ ಏನನ್ನೂ ನಾನು ಕೇಳಿಟ್ಟುಕೊಂಡಿರಲಿಲ್ಲ. ಆಮೇಲೆ ಎರಡು ಮಕ್ಕಳಾದವು, ದೊಡ್ಡವೂ ಆದವು. ಈಗ ಗಂಡ ಇಲ್ಲ. ಒಂಟಿತನ ಆ ದಿನವೇ ಹೋಯಿತೆಂದರೆ ಸುಳ್ಳಾದೀತು, ಅದು ಬರುತ್ತದೆ, ಹೋಗುತ್ತದೆ. ಆದರೆ ಯಾರಾದರೂ ದುಃಖದಲ್ಲಿರುವ ಮನೆಗೆ ಹೋದಾಗ ನಾನೀಗ ಬಾಯಿ ಮುಚ್ಚಿ ಕೂರುವುದಿಲ್ಲ. ತೀರಿಕೊಂಡವರ ವಿಷಯ ಕೇಳುತ್ತೇನೆ, ಹೇಗಿದ್ದರು ಎಂದು ಕೇಳುತ್ತೇನೆ. ಕೆಲವರು ಒರಟು ಹೆಂಗಸು ಎಂದುಕೊಳ್ಳುತ್ತಾರೆ. ಕೆಲವರು ನನ್ನ ಕೈ ಹಿಡಿದುಕೊಂಡು ಹೇಳತೊಡಗುತ್ತಾರೆ.