ಕಾತ್ಯಾಯನಿಯ ಹೆಸರಾಂತ ತಪ್ಪು

ಯಾರ್ಲಗಡ್ಡ ಕಾತ್ಯಾಯನಿ ಆಂಧ್ರದ ಭೀಮವರದ ಸೀಗಡಿ ಕೊಳಗಳ ನಡುವೆ ಹುಟ್ಟಿದವಳು. ವಿಶ್ವವಿದ್ಯಾಲಯ ಸೇರಿದ ಮೇಲೂ ಮೂವತ್ತು ವರ್ಷ ಸೀಗಡಿಯ ರೋಗಗಳನ್ನೇ ನೆಚ್ಚಿಕೊಂಡಳು. ಬರೆದ ಲೇಖನಗಳು ನಲವತ್ತೊಂದು. ಲೋಕಕ್ಕೆ ಗೊತ್ತಾಗಿದ್ದು ಒಂದೇ. ಅದೇ ತಪ್ಪಾಗಿತ್ತು.

ಬೇವಿನ ಕಷಾಯ ಬೆರೆಸಿದರೆ ಸೀಗಡಿಗೆ ಬಿಳಿಚುಕ್ಕೆ ರೋಗ ತಗಲದು ಎಂದು ಆ ಲೇಖನ ಹೇಳಿತ್ತು. ಅಚ್ಚಾದ ಮೂರು ವರ್ಷಕ್ಕೆ ಹಳೆಯ ನೋಟ್‌ಬುಕ್ಕು ತಿರುವುವಾಗ ಅವಳಿಗೆ ತಪ್ಪು ಕಣ್ಣಿಗೆ ಬಿತ್ತು. ಆರನೆಯ ತೊಟ್ಟಿಯ ಲೆಕ್ಕವೂ ಒಂಬತ್ತನೆಯದರ ಲೆಕ್ಕವೂ ಅದಲುಬದಲಾಗಿ ಬಿದ್ದಿದ್ದವು, ಅದೂ ಅವಳದೇ ಕೈಬರಹದಲ್ಲಿ. ಬದುಕಿದ್ದು ಕಷಾಯ ಬೆರೆಸದ ಬರೀ ನೀರಿನ ತೊಟ್ಟಿಯ ಸೀಗಡಿ. ಕಷಾಯದ್ದೆಲ್ಲ ಸತ್ತಿತ್ತು.

ಅಷ್ಟರಲ್ಲಿ ಇನ್ನೂರ ಹನ್ನೆರಡು ಲೇಖನಗಳು ಅದನ್ನು ಉಲ್ಲೇಖಿಸಿಯಾಗಿತ್ತು. ಅರ್ಧಕ್ಕರ್ಧ ಹೊರದೇಶದವರವು: ‘ಇವರು ಹೇಳಿದ್ದು ನಮ್ಮಲ್ಲಿ ಕಾಣಲಿಲ್ಲ’ ಎಂದು ಬರೆದವು. ಉಳಿದವು ಮನೆಯಲ್ಲೇ ಬೆಳೆದವು. ಆ ವಿಭಾಗದಿಂದ ಯಾರ ಲೇಖನ ಹೊರಟರೂ ಮುಖ್ಯಸ್ಥ ಸೀತಾಪತಿ ಅದರ ಬಾಲಕ್ಕೆ ಉಲ್ಲೇಖಿಸಲೇಬೇಕಾದ ‘ನಮ್ಮವರ ಪಟ್ಟಿ’ ಕಟ್ಟಿಯೇ ಕಳಿಸುತ್ತಿದ್ದರು. ಉಲ್ಲೇಖ ಎಣಿಸುವ ಯಂತ್ರಕ್ಕೆ ಬೈಗುಳವೂ ಒಂದೇ, ಹೊಗಳಿಕೆಯೂ ಒಂದೇ.

ಲೇಖನ ಹಿಂತೆಗೆದುಕೊಳ್ಳುವ ಪತ್ರ ಬರೆದು ಅವಳು ಸೀತಾಪತಿಯವರ ಮುಂದಿಟ್ಟಳು. ವಿಭಾಗದ ಎಲ್ಲ ಲೇಖನಗಳಲ್ಲೂ ಅವರ ಹೆಸರಿರುವುದು ವಾಡಿಕೆ, ಹಾಗಾಗಿ ಅವರ ರುಜು ಬೇಕಿತ್ತು.

“ಕಾತ್ಯಾಯನಿಗಾರು, ಇದೊಂದು ಹೋದ್ರೆ ವಿಭಾಗದ ದರ್ಜೆ ಎಲ್ಲಿಗೆ ಇಳಿಯುತ್ತೆ ಗೊತ್ತಾ?” ಎಂದರು ಅವರು.

“ಜನ ಕೊಳಕ್ಕೆ ಕಷಾಯ ಸುರೀತಿದಾರೆ ಸಾರ್.”

“ಕೊಳದವರು ನಮ್ಮ ಲೇಖನ ಓದ್ತಾರಾ? ನಾವೇ ಓದಲ್ಲ. ತಪ್ಪಾಯ್ತು ಅಂತ ಬೇರೆ ಲೇಖನ ಬರ್ಕೊಳಿ, ಯಾರು ಬೇಡ ಅಂದ್ರು?”

ಬರೆದಳು. ತೊಟ್ಟಿಗಳನ್ನು ಮತ್ತೆ ತುಂಬಿಸಿ, ಏಳು ತಿಂಗಳು ಮೈಮುರಿದು ದುಡಿದು, ತನ್ನ ತಪ್ಪನ್ನು ತಾನೇ ಸಾಬೀತು ಮಾಡಿದಳು. ತಪ್ಪು ಯಾವುದೆಂದು ಹೇಳಲು ಹಳೆಯ ಲೇಖನವನ್ನು ಹೆಸರಿಸಲೇಬೇಕಾಯಿತು. ಯಂತ್ರ ಅದನ್ನೂ ಎಣಿಸಿಕೊಂಡಿತು: ಇನ್ನೂರ ಹದಿಮೂರು. ಹೊಸ ಲೇಖನವನ್ನು ಯಾರೂ ಉಲ್ಲೇಖಿಸಲಿಲ್ಲ. ಸೀತಾಪತಿಯವರ ಪಟ್ಟಿಗೂ ಅದು ಸೇರಲಿಲ್ಲ. ಬಾಯಿಗೆ ಬಟ್ಟೆ ತುರುಕಿ ಕೂಗು ಅಂದಂತಾಯಿತು ಅವಳಿಗೆ.

ಆ ಸಂಕ್ರಾಂತಿಗೆ ಭೀಮವರದ ತಂಗಿಯ ಮನೆಗೆ ಹೋದಳು. ಊಟದಲ್ಲಿ ಪುಳಿಹೋರ, ಅರಿಸೆಲು ಎಲ್ಲ ಇತ್ತು. ಊಟವಾದ ಮೇಲೆ ತಂಗಿಯ ಗಂಡ ಬಾಪಿನೀಡು ಅವಳನ್ನು ಕೊಳದ ಏರಿಗೆ ಕರೆದೊಯ್ದ. ಪಕ್ಕದ ಕೊಳಗಳಲ್ಲಿ ರೋಗ ಕಾಣಿಸಿದೆಯಂತೆ. ನೀರು ಬಿಡುವುದನ್ನು ನಿಲ್ಲಿಸಿ ಸುಣ್ಣ ಹಾಕಬೇಕೆಂದು ಬೇರೆಯವರು ಹೇಳಿದರೂ ತಾನು ಕಿವಿಗೊಡಲಿಲ್ಲವಂತೆ. ಹೆಮ್ಮೆಯಿಂದ ಒಂದು ಡಬ್ಬಿ ತೋರಿಸಿದ. ಬೇವಿನ ಕಷಾಯ. ಮೇಲೆ ಕೆಂಪಕ್ಷರದಲ್ಲಿ, ‘ಇನ್ನೂರ ಹದಿಮೂರು ಲೇಖನಗಳಲ್ಲಿ ಉಲ್ಲೇಖಗೊಂಡ ಸಂಶೋಧನೆ’ ಎಂದಿತ್ತು.

ಕಾತ್ಯಾಯನಿ ಅವನ ಕೈ ಹಿಡಿದಳು. “ಹಾಕಬೇಡ ಕಣಪ್ಪ. ಅದು ತಪ್ಪು. ತಪ್ಪು ಅಂತ ನಾನೇ ಬರ್ದಿದೀನಿ.”

ಬಾಪಿನೀಡು ಗೌರವದಿಂದಲೇ ಕೈ ಬಿಡಿಸಿಕೊಂಡ. “ದೊಡ್ಡವರು ನೀವು, ಹಂಗೇ ಹೇಳ್ತೀರಿ ಅತ್ತಿಗೆ. ಆದ್ರೆ ಇನ್ನೂರ ಹದಿಮೂರು ಜನ ಒಂದು ಕಡೆ, ನೀವೊಬ್ರು ಒಂದು ಕಡೆ. ನಾನ್ಯಾರ ಮಾತು ಕೇಳ್ಲಿ?”

ಆ ಇನ್ನೂರ ಹದಿಮೂರನೆಯವಳು ತಾನೇ ಎಂದು ಹೇಳಲು ಅವಳು ಬಾಯಿ ತೆರೆದಳು. ಅವನು ಅಷ್ಟರಲ್ಲಿ ಡಬ್ಬಿಯನ್ನು ಕೊಳಕ್ಕೆ ಬಗ್ಗಿಸಿದ್ದ.