ಕೇಳಿದವರಿಗಷ್ಟೇ ಸರ್ಪಸುತ್ತಿನ ಮಂತ್ರ

ಜರ್ಮನಿಯ ವೋಲ್ಫ್ಸ್‌ಬುರ್ಗ್‌ನಲ್ಲಿ ಅಂಬವ್ವ ಇದ್ದದ್ದು ನಮ್ಮ ಮೇಲಿನ ಮನೆಯಲ್ಲಿ. ಆ ದೇಶದವರು ಕಂಪ್ಯೂಟರಿನವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕಿ ಕಾರು ಕಾರ್ಖಾನೆಯ ಕಂಪ್ಯೂಟರ್ ಕೆಲಸಕ್ಕೆ ಬಂದಿದ್ದ ಮಗ ಸುನಿಲಕುಮಾರ, ಅವರನ್ನು ಗೋಕಾಕದ ಕಡೆಯಿಂದ ಕರೆಸಿಕೊಂಡಿದ್ದ. 2003ರ ಆ ಬೇಸಿಗೆಯಲ್ಲಿ ಅವರ ಹೆಜ್ಜೆ ಸಪ್ಪಳ ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ, ಇಡೀ ದಿನ ನಮ್ಮ ತಲೆಯ ಮೇಲೆ ಓಡಾಡುತ್ತಿತ್ತು.

ಊರಲ್ಲಿ ಅವರು ಸರ್ಪಸುತ್ತಿಗೆ ಮಂತ್ರ ಹಾಕುವವರು. ಸೊಂಟದ ಸುತ್ತ ಬೊಕ್ಕೆ ಎದ್ದು, ಹಾವಿನ ಹಾಗೆ ಹರಿದು ಉರಿಯುವ ರೋಗ ಅದು. ಅವರಿಗೆ ಈ ವಿದ್ಯೆ ಬಂದದ್ದು ಸೋದರತ್ತೆ ಬಸವ್ವನಿಂದ. ವರ್ಷಗಟ್ಟಲೆ ಹುತ್ತದ ಮಣ್ಣು ಜರಡಿ ಹಿಡಿದು, ರೋಗಿಗಳ ನರಳಾಟ ಕೇಳಿಸಿಕೊಂಡ ಮೇಲೆ ಒಂದು ದಿನ ಅಂಬವ್ವ ಮಂತ್ರ ಕೇಳಿದ್ದರು. ಬಸವ್ವ ಕೊಡುವುದಿಲ್ಲ ಅಂದಿದ್ದಳು. ಮತ್ತೆ ಕೇಳಿದ ಮೇಲೆಯೇ, ಗ್ರಹಣದ ಹೊತ್ತಿನಲ್ಲಿ ಘಟಪ್ರಭೆಯ ನೀರಲ್ಲಿ ನಿಲ್ಲಿಸಿ ಕಿವಿಯಲ್ಲಿ ಹೇಳಿದ್ದು.

"ಕರೀಲಾರದ ಹೋಗಬಾರದು, ಕೇಳಲಾರದ ಹೇಳಬಾರದು ತಂಗಿ. ಕೇಳಿದ್ರೂ ಮೊದಲ ಇಲ್ಲ ಅನ್ನಬೇಕು. ಇಲ್ಲ ಅಂದಮ್ಯಾಲೂ ಕೇಳಿದವರಿಗೇ ಅದು," ಎಂದು ಅಂಬವ್ವ ಒಮ್ಮೆ ನನಗೆ ಹೇಳಿದ್ದರು.

ಊರಲ್ಲಿ ಯಾರೂ ಅವರ ಹತ್ತಿರ ಮಂತ್ರ ಕೇಳಿರಲಿಲ್ಲ. ಅಂಬವ್ವನಿಗೆ ಒಮ್ಮೆ ಎದೆನೋವು ಬಂದು ಹೋಗಿತ್ತು. ಮಂತ್ರ ಕೊಡಲು ಬೇಕಾದ ಗ್ರಹಣ ಮೇ ಕೊನೆಗೆ ಇತ್ತು. ಇನ್ನೊಂದನ್ನು ಕಾಣುತ್ತೇನೋ ಇಲ್ಲವೋ ಎಂಬ ಚಡಪಡಿಕೆ ಅವರದು.

ಏಪ್ರಿಲ್‌ನಲ್ಲಿ ಸೊಸೆ ಶ್ರೀದೇವಿಗೇ ಸರ್ಪಸುತ್ತು ಆಯಿತು. ಡಾಕ್ಟರು ಮಾತ್ರೆ ಕೊಟ್ಟರು. ಅಂಬವ್ವ ಬಾಗಿಲಲ್ಲಿ ನಿಲ್ಲುವರು, ಒಳಗೆ ಹೋಗರು. ಕೊನೆಗೆ ಉರಿ ತಾಳದೆ ಶ್ರೀದೇವಿಯೇ ಕೂಗಿದಳು: "ಅತ್ತೀ, ನಿಮ್ಮದೇನೈತಿ ಅದನ್ನೂ ಮಾಡಿಬಿಡ್ರಿ!"

ಹುತ್ತ ಎಲ್ಲಿಂದ ತರುವುದು? ಸುನಿಲಕುಮಾರ ಔಷಧಿ ಅಂಗಡಿಯಿಂದ ಮೈಗೆ ಹಚ್ಚುವ ಮಣ್ಣಿನ ಡಬ್ಬಿ ತಂದ.

"ಮಣ್ಣನ್ನ ಡಬ್ಬ್ಯಾಗ ಹಾಕಿ ಮಾರ್ತಾರ? ನಾಳೆ ಗಾಳೀನೂ ಮಾರ್ತಾರ ತಗೋ!" ಅಂದ ಅಂಬವ್ವ ಹಿತ್ತಲಿಗೆ ಇಳಿದರು. ನೆಲದೊಳಗೆ ಬಿಲ ತೋಡುವ ಇಲಿಯಂಥ ಒಂದು ಪ್ರಾಣಿ ಅಲ್ಲಿ ಹುಲ್ಲಿನ ನಡುವೆ ಮಣ್ಣು ಗುಡ್ಡೆ ಹಾಕುತ್ತಿತ್ತು. "ನೆಲದ ಒಳಗಿಂದ ಬಂದೈತಿ, ಸಾಕು."

ಬೊಕ್ಕೆಗಳನ್ನು ಮುಟ್ಟದೆ, ಅವುಗಳ ಎರಡೂ ತುದಿಗೆ ದೂರದಲ್ಲಿ ಮಣ್ಣಿನ ಗೆರೆ ಎಳೆದು, ತುಟಿಯಲ್ಲೇ ಏನೋ ಅಂದರು. "ಮಾತ್ರಿ ಬಿಡಬ್ಯಾಡ. ನಿದ್ದಿಗೆಟ್ಟ ಮೈಯಾಗ ಇದು ಮನಿ ಮಾಡತೈತಿ. ನಿನ್ನ ಸಣ್ಣ ಮಗಳ ನನ್ನ ಹತ್ರ ಇರತಾಳ, ನೀ ಮಲಕೋ."

ನಾಲ್ಕಾರು ದಿನ ಶ್ರೀದೇವಿ ನಿಜವಾಗಿ ಮಲಗಿದಳು. ಉರಿ ಇಳಿದ ಮೇಲೆ ಕೇಳಿದಳು: "ಅವತ್ತ ಏನ್ ಅಂದ್ರಿ ಅತ್ತೀ? ನನಗೂ ಹೇಳ್ರಿ."

"ನಿನಗ್ಯಾಕ ಅದು?"

ಇಲ್ಲ ಅಂದವರನ್ನು ಮತ್ತೆ ಕೇಳಬಾರದು ಎಂಬುದನ್ನು ಈ ದೇಶದಲ್ಲಿ ಕಲಿತಿದ್ದ ಶ್ರೀದೇವಿ ಸುಮ್ಮನಾದಳು. ಮೇಲೆ ಹೆಜ್ಜೆ ಸಪ್ಪಳ ಹೆಚ್ಚಾಯಿತು.

"ಇನ್ನೊಮ್ಮೆ ಕೇಳು ಅಂತ ನಾನೇ ಆಕೆಗೆ ಹೇಳಲೇ?" ಅಂದೆ ಅಂಬವ್ವನಿಗೆ.

"ನೀ ಹೇಳಿ ಆಕಿ ಕೇಳಿದ್ರ ಅದು ಕೇಳಿದಂಗ ಅಲ್ಲ."

ಗ್ರಹಣದ ಬೆಳಿಗ್ಗೆ ಅಂಬವ್ವ ನನ್ನನ್ನು ಆಲರ್ ಕೆರೆಗೆ ಕರೆದುಕೊಂಡು ಹೋದರು. ಸೂರ್ಯ ಗ್ರಹಣ ಹಿಡಿದೇ ಹುಟ್ಟಿದ. ಅವರು ಸೀರೆಯಲ್ಲೇ ಮೊಣಕಾಲುದ್ದ ನೀರಿಗಿಳಿದು ಕೈಮುಗಿದರು. ನಾಯಿ ಅಡ್ಡಾಡಿಸುತ್ತಿದ್ದ ಮುದುಕನೊಬ್ಬ ನಿಂತು ನೋಡಿದ. ದಂಡೆಯಲ್ಲಿ ಕೂತು ದೇವರ ನಾಮ ಜಪಿಸುತ್ತಿದ್ದ ನನಗೂ ಮನಸ್ಸು ನಿಲ್ಲಲಿಲ್ಲ. ಗ್ರಹಣ ಬಿಡುತ್ತಾ ಬಂದಿತ್ತು.

ಅಷ್ಟರಲ್ಲಿ ಶ್ರೀದೇವಿಯ ಸೈಕಲ್ ಬಂತು, ಹೆಗಲ ಮೇಲೆ ಟವೆಲ್.

"ಹೊರಗ ಬರ್ರಿ ಅತ್ತೀ! ಈ ತಂಡ್ಯಾಗ ಎದಿ ಹಿಡದ್ರ ನಾ ನಿಮ್ಮ ಮಗಗ ಏನ್ ಹೇಳ್ಲಿ?"

"ಮುಗೀಲಿ, ತಡಿ."

"ಏನ್ ಮುಗೀಬೇಕು? ನನಗ್ಯಾಕ ಅಂತೀರಿ, ನೀರಾಗ ಬಂದು ಒಬ್ಬರ ನಿಂದರ್ತೀರಿ. ಮತ್ತ್ಯಾರಿಗೆ ಹೇಳ್ತೀರಿ ಅದನ್ನ, ಆ ನಾಯಿಗೇನು? ನನಗ ಬೇಕದು. ಈಗರ ಹೇಳ್ತೀರೋ ಇಲ್ಲೋ?"

ಅಂಬವ್ವ ತಿರುಗಿದರು.

"ಬೂಟ ಕಳಿ," ಅಂದರು. "ಲಗೂನ."

ಮಂತ್ರ ನನ್ನ ಕಿವಿಗೆ ಬೀಳಬಾರದು. ನಾನು ಎದ್ದು ದೂರ ನಡೆದೆ.

ಮಧ್ಯಾಹ್ನ ಮೇಲಿನ ಮನೆಯಲ್ಲಿ ಮತ್ತೆ ಹೆಜ್ಜೆ ಸಪ್ಪಳ, ಈಗ ಶ್ರೀದೇವಿಯದು. ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಅಂಬವ್ವ ನಮ್ಮ ಮನೆಯ ಸೋಫಾದ ಮೇಲೆ ಗಾಢ ನಿದ್ದೆಯಲ್ಲಿದ್ದರು.