ಎಳ್ಳುನೀರು ಬಿಡಿಸಿಕೊಂಡ ಮಗನ ಕಥೆ

ಮಗಳು ಅನ್ಯಧರ್ಮದ ಹುಡುಗನನ್ನು ರಿಜಿಸ್ಟರ್ ಮದುವೆಯಾದಳೆಂದು ನಮ್ಮ ಚರ್ಚಿನ ಸಭೆಯ ಸದಸ್ಯರ ಪಟ್ಟಿಯಿಂದ ಅವಳ ಹೆಸರು ತೆಗೆಸಿದವನು ನಾನು. ಪಾದ್ರಿಗಳು ಬೇಡವೆಂದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಯಾರ ಮಾತು ಕೇಳುವವನು? ಹೆಂಡತಿ ಅದೇ ಕೊರಗಿನಲ್ಲಿ ತೀರಿಕೊಂಡಳು. ಅಂಥವನು ವಾರವಾರ ಸಭೆಯ ಪರವಾಗಿ ಕೋಗಿಲು ಊರಿನ ಮನೆಗಳ ಜಗಲಿಗಳಲ್ಲಿ ಕೂತು ದೇವರ ಪ್ರೀತಿಯ ಕಥೆ ಹೇಳುತ್ತಿದ್ದೆ. ನಾಚಿಕೆಗೇಡು!

ಕಥೆ ಹೇಳುವುದರಲ್ಲಿ ಮಾತ್ರ ನಾನು ಎತ್ತಿದ ಕೈ. ಆಸ್ತಿಯ ಪಾಲು ಕಿತ್ತುಕೊಂಡು ಹೋಗಿ ಹಾಳಾದ ಮಗ ಮನೆಗೆ ಮರಳುವ, ಯೇಸು ಹೇಳಿದ ಕಥೆಯನ್ನು ಇದ್ದದ್ದು ಇದ್ದಂತೆ ಹೇಳಿದರೆ ಜನ ತೂಕಡಿಸುತ್ತಿದ್ದರು. ಅದಕ್ಕೆ ಆ ಅಪ್ಪನನ್ನು ರಾಗಿ ಹೊಲದ ಊರ ಗೌಡನನ್ನಾಗಿ ಮಾಡಿದೆ. ಬದುಕಿರುವ ಮಗನೇ ಸತ್ತನೆಂದು ಗೌಡನ ಕೈಯಿಂದ ಎಳ್ಳುನೀರು ಬಿಡಿಸಿದೆ. "ಆದರೂ ಮಗ ದೂರದಲ್ಲಿ ಕಂಡ ಕೂಡಲೇ ಅಪ್ಪ ಪಂಚೆ ಎತ್ತಿಕಟ್ಟಿ ಓಡಿದ" ಎನ್ನುವಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಒಳಗೊಳಗೇ ಬೀಗುತ್ತಿದ್ದೆ.

ಒಂದು ದಿನ ನಾನು ಕಥೆ ಹೇಳುತ್ತಿದ್ದ ಜಗಲಿಯ ಮನೆಯ ಅಜ್ಜಿ ಅಳಲಿಲ್ಲ. ನನ್ನನ್ನೇ ದಿಟ್ಟಿಸಿದಳು.

"ಅಲ್ಲಾ ಅಯ್ನೋರೇ, ನಿಮ್ಮ ಮಗಳೂ ಇಲ್ಲೇ ಸಂಜಯನಗರದಾಗೆ ಅವ್ಳಂತಲ್ಲ. ನೀವ್ಯಾಕೆ ಇನ್ನೂ ಓಡಿಲ್ಲ?"

"ಅದು ಬೇರೆ ವಿಷಯ ಬಿಡಜ್ಜಿ."

"ಏನ್ ಬೇರೆ? ಬದುಕಿರೋ ಮಗಳಿಗೆ ಎಳ್ಳುನೀರು ಬಿಟ್ಟೋರು ನೀವೇ ತಾನೇ? ಮತ್ತೆ ಇಂಗೆ ಕಥೆ ಏಳ್ಕೊಂಡು ತಿರುಗ್ತೀರಲ್ಲ!"

ಕಪಾಳಕ್ಕೆ ಬಾರಿಸಿದ ಹಾಗಾಯಿತು. ಪಟ್ಟಿಯಿಂದ ಹೆಸರು ತೆಗೆಸಿದ್ದೂ ಎಳ್ಳುನೀರೇ ಎಂದು, ಆ ಕಥೆ ಕಟ್ಟಿದ ನನಗೇ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಮಾರನೇ ದಿನ ಬೆಳಗ್ಗೆಯೇ ಬಸ್ಸು ಹತ್ತಿದೆ.

ಅಳಿಯ ಬಾಗಿಲು ತೆಗೆದು ಕುರ್ಚಿ ಹಾಕಿದ. ಮಗಳು ಕಾಫಿ ತಂದಿಟ್ಟಳು. ಅವಳ ಮುಖ ನೋಡಿದ್ದೇ ತಡ, ಅತ್ತುಬಿಟ್ಟೆ. "ತಪ್ಪಾಯ್ತು ಮಗಳೇ, ಮನೆಗೆ ಬಾ" ಅಂದೆ.

"ಅಮ್ಮನ್ನ ಮಣ್ಣು ಮಾಡಿದ ದಿನ ಬಂದಿದ್ದೆ ಅಪ್ಪಾ" ಅಂದಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಸ್ಮಶಾನದ ಗೇಟ್ ಹತ್ರಾನೇ ನಿಂತಿದ್ದೆ. ನೀವು ಒಂದ್ಸಲ ಬಾ ಅಂದಿದ್ರೆ ಸಾಕಿತ್ತು, ಅಮ್ಮನಿಗೆ ಒಂದು ಹಿಡಿ ಮಣ್ಣಾದ್ರೂ ಹಾಕ್ತಿದ್ದೆ. ನನ್ನ ನೋಡ್ಲಿಲ್ವಾ ನೀವು?"

ಇಲ್ಲ ಎಂದು ಸುಳ್ಳು ಹೇಳಬಹುದಿತ್ತು.

"ನೋಡಿದ್ದೆ" ಅಂದೆ.

"ಗೊತ್ತು. ಅದಕ್ಕೇ ನಂಗೆ ಬರೋಕಾಗಲ್ಲ ಅಪ್ಪಾ."

ಗೇಟಿಗೂ ನನಗೂ ಅವತ್ತು ಹತ್ತು ಹೆಜ್ಜೆಯೂ ಇರಲಿಲ್ಲ.